ಕಚೇರಿಯ ದೂರವಾಣಿಯೂ ಅದರ ಪಡಿಯಱರೂ

೧

ನಮ್ಮ ದೇಶದ ಅರಮನೆಗಳ ಚರಿತ್ರೆಯನ್ನು ಬರೆದವರು ಅರಸನನ್ನೂ ಮಂತ್ರಿಯನ್ನೂ ದಂಡನಾಯಕನನ್ನೂ ವಿಸ್ತಾರವಾಗಿ ವರ್ಣಿಸಿರುವರು. ಬಾಗಿಲಿನಲ್ಲಿ ನಿಂತವನ ವಿಷಯವಾಗಿ ಅವರು ಹೇಳಿರುವುದು ಸ್ವಲ್ಪ. ಆದರೂ ಹೊರಗಿನವನ ಮಾತು ಒಳಗಿನವನ ಕಿವಿಗೆ ಯಾವಾಗ ಮುಟ್ಟಬೇಕು, ಯಾವಾಗ ಮುಟ್ಟಬಾರದು ಎಂಬುದನ್ನು ದಿನದಿನವೂ ನಿರ್ಣಯಿಸುತ್ತಿದ್ದವನು ಅವನೇ. ಸಂಸ್ಕೃತದಲ್ಲಿ ಅವನಿಗೆ ಪ್ರತೀಹಾರನೆಂದೂ ದೌವಾರಿಕನೆಂದೂ ಹೆಸರುಂಟು. ಪ್ರತೀಹಾರ ಶಬ್ದದ ತದ್ಭವವಾದ 'ಪಡಿಯಱ' ಎಂಬುದು ಹಳಗನ್ನಡ ಕಾವ್ಯಗಳನ್ನು ಓದುವವರಿಗೆ ಪರಿಚಿತವಾದುದೇ. ಅರಮನೆಗಳು ಹೋದುವು, ಪಡಿಯಱನ ಕೆಲಸವು ಹೋಗಲಿಲ್ಲ. ಅದು ಕಚೇರಿಗಳ ಮುಂಭಾಗಕ್ಕೆ ಬಂದಿತು. ದೂರವಾಣಿಯು ಬಳಕೆಗೆ ಬಂದ ಮೇಲೆ ಸ್ವಿಚ್‌ಬೋರ್ಡಿನ ಮುಂದೆ ಕುಳಿತಿತು.

ಈ ಸ್ವಿಚ್‌ಬೋರ್ಡು ಹೇಗೆ ಹುಟ್ಟಿತು, ಅದನ್ನು ನಡೆಯಿಸುವವರ ಕರ್ತವ್ಯವೇನಾಗಿದ್ದಿತು, ಯಂತ್ರವು ಬೆಳೆದಂತೆ ಆ ಕರ್ತವ್ಯದಲ್ಲಿ ಯಾವುದು ಲೋಪವಾಯಿತು, ಯಾವುದು ಉಳಿಯಿತು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದೆ. ವಿಚಾರವು ನೆಲವಿಲ್ಲದೆ ಹೋಗಬಾರದೆಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ಊರುಗಳನ್ನು ದೃಷ್ಟಿಯಲ್ಲಿಟ್ಟುಕೊಂಡಿದ್ದೇನೆ. ಇವು ರಾಜಧಾನಿಗಳಲ್ಲ, ವ್ಯಾಪಾರದ ಊರುಗಳು, ತಾಲ್ಲೂಕು ಕಚೇರಿಗಳ ಊರುಗಳು, ಎರಡು ಮೂರು ಭಾಷೆಗಳು ಒಂದೇ ಬೀದಿಯಲ್ಲಿ ಓಡಾಡುವ ಊರುಗಳು. ಆದುದರಿಂದಲೇ ಇಂಥ ಊರಿನ ಕಚೇರಿಯಲ್ಲಿ ಕರೆಯನ್ನು ಸ್ವೀಕರಿಸುವವರ ಕೆಲಸದ ಸ್ವರೂಪವು ಸ್ಪಷ್ಟವಾಗಿ ಕಾಣುವುದು.

೨

ಅಲೆಗ್ಸಾಂಡರ್ ಗ್ರಹಾಂ ಬೆಲ್ಲನಿಗೆ ದೂರವಾಣಿಯ ಪೇಟೆಂಟು ದೊರೆತುದು ೧೮೭೬ರಲ್ಲಿ. ಮೊದಲು ದೂರವಾಣಿಗಳನ್ನು ಇಬ್ಬಿಬ್ಬರ ನಡುವೆ ಮಾತ್ರ ಕಟ್ಟುತ್ತಿದ್ದರು. ಅಂಗಡಿಗೂ ಮನೆಗೂ ಒಂದು ತಂತಿ, ಕಾರ್ಖಾನೆಗೂ ಕಚೇರಿಗೂ ಒಂದು ತಂತಿ. ಹತ್ತು ಮಂದಿ ಪರಸ್ಪರ ಮಾತನಾಡಬೇಕಾದರೆ ಈ ಕ್ರಮದಲ್ಲಿ ೪೫ ತಂತಿಗಳು ಬೇಕು. ನೂರು ಮಂದಿಗೆ ೪,೯೫೦. ತಂತಿಗಳೆಲ್ಲವನ್ನೂ ಒಂದು ಸ್ಥಳಕ್ಕೆ ತಂದು, ಅಲ್ಲಿ ಒಬ್ಬರನ್ನು ಕುಳ್ಳಿರಿಸಿ, ಬೇಕಾದವರ ತಂತಿಯನ್ನು ಬೇಕಾದವರ ತಂತಿಗೆ ಬೇಕಾದ ಹೊತ್ತಿನಲ್ಲಿ ಕೂಡಿಸಿದರೆ ನೂರು ಮಂದಿಗೆ ನೂರು ತಂತಿಗಳೇ ಸಾಕು. ಎಕ್ಸ್‌ಚೇಂಜೆಂಬುದರ ತತ್ತ್ವವು ಇಷ್ಟೇ. ಇದನ್ನು ವ್ಯಾಪಾರವಾಗಿ ಮೊದಲು ನಡೆಯಿಸಿದ ಸ್ಥಳ ಅಮೆರಿಕದ ನ್ಯೂ ಹೇವನ್. ದಿನ ೧೮೭೮ನೆಯ ಜನವರಿ ೨೮. ಚಂದಾದಾರರು ೨೧ ಮಂದಿ. ಜಾರ್ಜ್ ಕಾಯ್ ಎಂಬಾತನು ಗಾಡಿಯ ಬೋಲ್ಟುಗಳನ್ನೂ ಚಹಾಪಾತ್ರೆಯ ಮುಚ್ಚಳದ ಹಿಡಿಗಳನ್ನೂ ಉಪಯೋಗಿಸಿ ಆ ಬೋರ್ಡನ್ನು ಮಾಡಿದನೆಂದು ಪ್ರಸಿದ್ಧವಾಗಿದೆ.

ಸರಿಯಾಗಿ ನಾಲ್ಕು ವರ್ಷಗಳ ಅನಂತರ, ೧೮೮೨ನೆಯ ಜನವರಿ ೨೮ರಂದು, ಕಲ್ಕತ್ತೆಯಲ್ಲಿ ನಮ್ಮ ದೇಶದ ಎಕ್ಸ್‌ಚೇಂಜು ತೆರೆಯಿತು. ಗವರ್ನರ್ ಜನರಲ್ಲರ ಕೌನ್ಸಿಲಿನ ಸದಸ್ಯನಾಗಿದ್ದ ಮೇಜರ್ ಬೇರಿಂಗನು ಅದನ್ನು ಪ್ರಾರಂಭಿಸಿದನು. ಆದಿಯಲ್ಲಿ ೯೩ ಮಂದಿ ಚಂದಾದಾರರಿದ್ದರು. ಎರಡು ಘಟನೆಗಳ ದಿನಾಂಕವೂ ಒಂದೇ ಆಗಿರುವುದು ಕಾಕತಾಳೀಯ. ಆದರೆ ನಡುವಣ ಕಾಲವು ನಾಲ್ಕೇ ವರ್ಷವಾದುದರಿಂದ, ಸ್ವಿಚ್‌ಬೋರ್ಡಿನ ಚರಿತ್ರೆಯಲ್ಲಿ ಭಾರತವು ಬಹಳ ಹಿಂದೆ ಉಳಿಯಲಿಲ್ಲವೆಂದು ಹೇಳಬಹುದಾಗಿದೆ.

ನ್ಯೂ ಹೇವನ್ನಿನಲ್ಲಿ ಎಕ್ಸ್‌ಚೇಂಜು ತೆರೆದ ವರ್ಷದಲ್ಲಿಯೇ ಮತ್ತೊಂದು ಗಮನಾರ್ಹವಾದ ಸಂಗತಿ ನಡೆಯಿತು. ಮೊದಲು ಬೋರ್ಡಿನ ಮುಂದೆ ಕುಳಿತವರು ತಂತಿ ಕಚೇರಿಗಳಿಂದ ಬಂದ ಹುಡುಗರು. ಅವರು ಚುರುಕಾದವರೇ, ಆದರೆ ಕರೆದವರೊಡನೆ ಜಗಳವಾಡುವುದು, ಹಾಸ್ಯಮಾಡುವುದು ಹೆಚ್ಚಾಯಿತು. ೧೮೭೮ನೆಯ ಸೆಪ್ಟೆಂಬರ್ ೧ರಂದು ಬಾಸ್ಟನ್ ನಗರದಲ್ಲಿ ಎಮ್ಮಾ ನಟ್ ಎಂಬಾಕೆಯನ್ನು ನೇಮಿಸಿದರು. ಅಲ್ಲಿಂದ ಮುಂದೆ ಈ ಉದ್ಯೋಗವು ಬಹುಮಟ್ಟಿಗೆ ಸ್ತ್ರೀಯರ ಕೈಗೆ ಬಂದಿತು. ಸಂಸ್ಕೃತ ನಾಟಕಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಅಭಿಜ್ಞಾನಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನ ಬಾಗಿಲನ್ನು ಕಾಯುವವಳು ವೇತ್ರವತಿಯೆಂಬ ಪ್ರತೀಹಾರಿ. ಕೈಯಲ್ಲಿ ಬೆತ್ತವುಳ್ಳವಳೆಂದು ಆ ಹೆಸರಿನ ಅರ್ಥ.

೩

ಕೈಯಿಂದ ನಡೆಯಿಸುತ್ತಿದ್ದ ಬೋರ್ಡಿನ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅದನ್ನು ತಿಳಿಯದೆ ಈಗಿನ ಕನ್ಸೋಲಿನ ಗುಂಡಿಗಳ ಅರ್ಥವಾಗುವುದಿಲ್ಲ.

ಬೋರ್ಡಿನ ನೆಟ್ಟನೆಯ ಮುಖದಲ್ಲಿ ಸಾಲುಸಾಲಾಗಿ ತೂತುಗಳಿರುವುವು. ಅವಕ್ಕೆ ಜಾಕುಗಳೆಂದು ಹೆಸರು. ಒಂದೊಂದು ಜಾಕೂ ಒಂದೊಂದು ತಂತಿಯ ಕೊನೆ. ಹಳೆಯ ಕ್ರಮದಲ್ಲಿ ಕರೆಯುವವನು ತನ್ನ ದೂರವಾಣಿಯ ಹಿಡಿಯನ್ನು ತಿರುಗಿಸಿದರೆ ಬೋರ್ಡಿನಲ್ಲಿ ಅವನ ಜಾಕಿಗೆ ಸೇರಿದ ಚಿಕ್ಕದೊಂದು ಮುಚ್ಚಳವು ಕಳಚಿ ಬೀಳುತ್ತಿದ್ದಿತು. ಅನಂತರದ ಕ್ರಮದಲ್ಲಿ ಅವನು ರಿಸೀವರನ್ನು ಎತ್ತಿದರೆ ಸಾಕು, ದೀಪವು ಹತ್ತುವುದು. ಬೋರ್ಡಿನ ಮುಂದಣ ಹಲಗೆಯಲ್ಲಿ ಜೋಡಿಜೋಡಿಯಾಗಿ ಹುರಿಗಳು. ಜೋಡಿಯಲ್ಲಿ ಒಂದು ಉತ್ತರ ಕೊಡುವ ಹುರಿ, ಮತ್ತೊಂದು ಕರೆಯುವ ಹುರಿ. ಆಪರೇಟರು ಮೊದಲನೆಯದನ್ನು ಕರೆದವನ ಜಾಕಿಗೆ ಸೇರಿಸಿ, ಮಾತಿನ ಕೀಲಿಯನ್ನು ಒತ್ತಿ, "ಯಾವ ನಂಬರು?" ಎಂದು ಕೇಳುವಳು. ಬೇಕಾದವನ ತಂತಿಯು ಬಿಡುವಾಗಿದೆಯೇ ಎಂಬುದನ್ನು ನೋಡಬೇಕು. ಚಿಕ್ಕ ಬೋರ್ಡಿನಲ್ಲಿ ಇದು ಕಣ್ಣಿಗೇ ಕಾಣುವುದು. ದೊಡ್ಡ ಬೋರ್ಡಿನಲ್ಲಿ ಹುರಿಯ ತುದಿಯನ್ನು ಜಾಕಿನ ಅಂಚಿಗೆ ತಾಗಿಸಿದಾಗ ಕಿವಿಯಲ್ಲಿ 'ಟಕ್' ಎಂಬ ಶಬ್ದವು ಕೇಳಿದರೆ ಆ ತಂತಿಯಲ್ಲಿ ಬೇರೆಯವರು ಮಾತನಾಡುತ್ತಿರುವರೆಂದು ಅರ್ಥ. ಬಿಡುವಾಗಿದ್ದರೆ ಎರಡನೆಯ ಹುರಿಯನ್ನು ಸೇರಿಸಿ, ಗಂಟೆಯ ಕೀಲಿಯನ್ನು ಒತ್ತಿ, ಆ ಕಡೆಯವರು ಓಗೊಟ್ಟ ಕೂಡಲೇ ತನ್ನ ಮಾತಿನ ಕೀಲಿಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಮಾತು ಮುಗಿದಾಗ ಹುರಿಗಳಿಗೆ ಸೇರಿದ ದೀಪಗಳು ಅದನ್ನು ಸೂಚಿಸುವುವು. ಆಗ ಎರಡು ಹುರಿಗಳನ್ನೂ ಕೀಳಬೇಕು.

ಈ ಕ್ರಿಯಾಸರಣಿಯಲ್ಲಿ ಅತ್ಯಂತ ಮುಖ್ಯವಾದುದು ಮಾತಿನ ಕೀಲಿಯನ್ನು ಹಿಂದಕ್ಕೆ ಎಳೆದುಕೊಳ್ಳುವುದು. ನಮ್ಮ ವೈಯಾಕರಣರು ಸಂಧಿಯಲ್ಲಿ ಲೋಪ, ಆಗಮ, ಆದೇಶಗಳೆಂಬ ಮೂರನ್ನು ಹೇಳಿರುವರು. ಆಪರೇಟರಿನ ಕೆಲಸದಲ್ಲಿ ಇವುಗಳ ಪೈಕಿ ಎರಡುಂಟು: ಇಬ್ಬರು ಸೇರುವಾಗ ನಡುವೆ ಬರುವುದು, ಸೇರಿದೊಡನೆ ಇಲ್ಲವಾಗುವುದು. ಬರುವುದು ಸುಲಭ. ಇಲ್ಲವಾಗುವುದಕ್ಕೆ ಶಿಕ್ಷಣವು ಬೇಕು.

ಊರಿನ ಎಕ್ಸ್‌ಚೇಂಜಿನ ಈ ಬೋರ್ಡೇ ಚಿಕ್ಕದಾಗಿ ಕಚೇರಿಗಳ ಒಳಕ್ಕೂ ಬಂದಿತು. ಹೊರಗಿನ ಎರಡು ಮೂರು ತಂತಿಗಳು, ಒಳಗಿನ ಹತ್ತಿಪ್ಪತ್ತು ಎಕ್ಸ್‌ಟೆನ್ಷನ್ನುಗಳು, ಅವುಗಳನ್ನು ಕೂಡಿಸುವ ಒಬ್ಬರು. ತೀರ ಚಿಕ್ಕ ಕಚೇರಿಗಳಿಗೆ ಹುರಿಗಳಿಲ್ಲದೆ ಕೀಲಿಗಳಿಂದಲೇ ಕೂಡಿಸುವ ಪೆಟ್ಟಿಗೆಗಳಿದ್ದುವು. ಸಂಜೆ ಮನೆಗೆ ಹೋಗುವಾಗ ಹೊರಗಿನ ತಂತಿಯೊಂದನ್ನು ಕಾವಲುಗಾರನ ಇಲ್ಲವೆ ಅಧಿಕಾರಿಯ ಎಕ್ಸ್‌ಟೆನ್ಷನ್ನಿಗೆ ಕೂಡಿಸಿಟ್ಟು ಹೋಗುವುದು ಪದ್ಧತಿಯಾಗಿದ್ದಿತು.

೪

ಹೀಗೆ ನಡುವೆ ನಿಂತವರಿಗೆ ಎರಡು ಕಡೆಯ ಮಾತೂ ಕೇಳಿಸುವ ಸಂಭವವುಂಟು. ಈ ಅಪಾಯವನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ದೂತರನ್ನು ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರರೆಂದು ಮೂರು ಬಗೆಯಾಗಿ ವಿಭಾಗಿಸಿರುವನು. ಸಂಧಾನದ ಪೂರ್ಣಾಧಿಕಾರವುಳ್ಳವನು ಮೊದಲನೆಯವನು. ಗೊತ್ತುಮಾಡಿದ ಎಲ್ಲೆಯೊಳಗೆ ವ್ಯವಹರಿಸುವವನು ಎರಡನೆಯವನು. ಒಪ್ಪಿಸಿದುದನ್ನು ಹಾಗೆಯೇ ಮುಟ್ಟಿಸುವವನು ಮೂರನೆಯವನು. ದೂತನು ಮದ್ಯವನ್ನು ವರ್ಜಿಸಬೇಕು, ಒಬ್ಬನೇ ಮಲಗಬೇಕು ಎಂಬ ವಿಧಿಯೂ ಅಲ್ಲಿಯೇ ಇದೆ. ನಿದ್ರೆಯಲ್ಲಿಯೂ ಮದದಲ್ಲಿಯೂ ಒಳಗಿನ ಭಾವವು ಹೊರಬೀಳುವುದೆಂಬುದು ಕಾರಣ. ಗುಟ್ಟು ನಾಲಗೆಯಿಂದ ಮಾತ್ರವಲ್ಲ, ಅಜಾಗರೂಕತೆಯಿಂದಲೂ ಹೋಗುವುದೆಂದು ಶಾಸ್ತ್ರಕಾರನು ಎಣಿಸಿದ್ದನು.

ಆಧುನಿಕ ಕಾನೂನು ಇದನ್ನೇ ದಂಡದ ಮೂಲಕ ಹೇಳಿತು. ೧೮೮೫ರ ಭಾರತೀಯ ಟೆಲಿಗ್ರಾಫ್ ಅಧಿನಿಯಮದ ೨೬ನೆಯ ಪ್ರಕರಣದ ಮೇರೆಗೆ, ಸಂದೇಶವನ್ನು ಅಕ್ರಮವಾಗಿ ಹೊರಗೆಡಹಿದ ಇಲಾಖೆಯ ನೌಕರನಿಗೆ ೩ ವರ್ಷಗಳವರೆಗೆ ಸೆರೆ, ಇಲ್ಲವೆ ಜುಲ್ಮಾನೆ, ಇಲ್ಲವೆ ಎರಡೂ ವಿಧಿಸಬಹುದಾಗಿದ್ದಿತು. ಆ ಹಳೆಯ ಅಧಿನಿಯಮದ ಸ್ಥಾನಕ್ಕಾಗಿ ೨೦೨೩ರಲ್ಲಿ ಹೊಸದಾದ ದೂರಸಂಪರ್ಕ ಅಧಿನಿಯಮವು ರಚಿತವಾಯಿತು. ಆದರೆ ಖಾಸಗಿ ಕಚೇರಿಯ ಬೋರ್ಡಿನ ಮುಂದೆ ಕುಳಿತವರನ್ನು ಕಟ್ಟಿದ್ದುದು ಈ ಪ್ರಕರಣಕ್ಕಿಂತಲೂ ಹೆಚ್ಚಾಗಿ ಅವರ ಮರ್ಯಾದೆಯೇ.

ಕೇಳಿದುದನ್ನು ಹೇಳದಿರುವುದು ಒಂದು ಧರ್ಮವಾದರೆ, ಎಲ್ಲರನ್ನೂ ಸಮವಾಗಿ ಕೂಡಿಸುವುದು ಮತ್ತೊಂದು. ಈ ಎರಡನೆಯದರಲ್ಲಿ ಉಂಟಾದ ಸಂದೇಹದಿಂದಲೇ ಯಂತ್ರವು ಹುಟ್ಟಿತೆಂಬ ಐತಿಹ್ಯವೊಂದಿದೆ. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯಾಪಾರವನ್ನು ನಡೆಯಿಸುತ್ತಿದ್ದ ಆಲ್ಮನ್ ಸ್ಟ್ರೌಜರನಿಗೆ, ತನಗೆ ಬರಬೇಕಾದ ಕರೆಗಳನ್ನು ಆಪರೇಟರು ಪ್ರತಿಸ್ಪರ್ಧಿಗೆ ಕೊಡುತ್ತಿರುವಳೆಂದು ಅನುಮಾನ ಬಂದಿತಂತೆ. ಐತಿಹ್ಯವು ಹೇಗಾದರೂ ಇರಲಿ, ಕರೆಯುವವನೇ ಅಂಕೆಗಳ ಮೂಲಕ ತನಗೆ ಬೇಕಾದವರನ್ನು ಆರಿಸಿಕೊಳ್ಳುವ ಸ್ವಯಂಚಾಲಿತ ಸ್ವಿಚ್ಚಿಗೆ ಅವನು ೧೮೯೧ರಲ್ಲಿ ಪೇಟೆಂಟು ಪಡೆದುದೂ, ೧೮೯೨ರಲ್ಲಿ ಲಾ ಪೋರ್ಟ್ ಎಂಬ ಊರಿನಲ್ಲಿ ಅಂಥ ಎಕ್ಸ್‌ಚೇಂಜು ತೆರೆದುದೂ ನಿಶ್ಚಿತವಾದ ಸಂಗತಿಗಳು.

೫

ನಮ್ಮ ದೇಶದಲ್ಲಿ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜು ೧೯೧೩–೧೪ರಲ್ಲಿ ಸಿಮ್ಲಾದಲ್ಲಿ ೭೦೦ ತಂತಿಗಳಿಗೆ ಸ್ಥಾಪಿತವಾಯಿತು. ಅಂಥ ಯಂತ್ರಗಳನ್ನು ಇಲ್ಲಿಯೇ ಮಾಡುವ ಪ್ರಯತ್ನವು ಕನ್ನಡನಾಡಿಗೆ ಸೇರಿದುದು. ೧೯೪೮ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಗಿ, ಲಿವರ್‌ಪೂಲಿನ ಆಟೋಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪೆನಿಯೊಡನೆ ಮಾಡಿಕೊಂಡ ಒಪ್ಪಂದದ ಮೇರೆಗೆ ದೂರವಾಣಿಗಳನ್ನೂ ಸ್ಟ್ರೌಜರ್ ಯಂತ್ರಗಳನ್ನೂ ತಯಾರಿಸತೊಡಗಿತು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದು ಹೆಸರಾಯಿತು. ೧೯೩೫ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ಬಾನುಲಿ ನಿಲಯಕ್ಕೆ ಆಕಾಶವಾಣಿಯೆಂಬ ಹೆಸರು ಬಂದಿದ್ದುದನ್ನು ಇಲ್ಲಿ ನೆನೆಯಬಹುದು. ಹೊಸ ವಸ್ತುಗಳೆರಡನ್ನೂ ಕನ್ನಡಿಗರು 'ವಾಣಿ' ಶಬ್ದದಿಂದಲೇ ಗುರುತಿಸಿದರು. ತಂತಿಯನ್ನಾಗಲಿ ಯಂತ್ರವನ್ನಾಗಲಿ ಹೆಸರಿಗೆ ತರಲಿಲ್ಲ.

ಊರಿನೊಳಗಿನ ಕರೆಗಳನ್ನು ಯಂತ್ರವು ಕೂಡಿಸತೊಡಗಿದ ಮೇಲೆಯೂ ಊರೂರಿನ ನಡುವಣ ಕರೆಗಳು ಬಹುಕಾಲ ಆಪರೇಟರುಗಳ ಕೈಯಲ್ಲಿಯೇ ಇದ್ದುವು. ಟ್ರಂಕ್ ಕಾಲ್ ಎಂಬ ಶಬ್ದವನ್ನು ಕೇಳದ ಹಿರಿಯರು ನಮ್ಮಲ್ಲಿ ಇರಲಾರರು. ಕರೆಯನ್ನು ಬುಕ್ ಮಾಡಿ ಕಾಯಬೇಕಾಗಿದ್ದಿತು. ಸಾಧಾರಣ, ಅರ್ಜೆಂಟ್, ಲೈಟ್ನಿಂಗ್ ಎಂದು ಅದರಲ್ಲಿ ತರತಮವಿದ್ದು, ಬೇಗ ಬೇಕಾದವರು ಹೆಚ್ಚು ಹಣವನ್ನು ತೆರಬೇಕಾಗಿದ್ದಿತು. ಇಂಥವರೇ ಮಾತಿಗೆ ಸಿಕ್ಕಬೇಕೆಂದರೆ ಅದಕ್ಕೆ ಪಿ. ಪಿ. ಕಾಲ್ ಎಂದು ಹೆಸರು. ಮೂರು ನಿಮಿಷಗಳಿಗೊಮ್ಮೆ ಆಪರೇಟರು ನಡುವೆ ಬಂದು ಕಾಲವಾಯಿತೆಂದು ಎಚ್ಚರಿಸುತ್ತಿದ್ದಳು. ೧೯೬೦ರಲ್ಲಿ ಲಖನೌ–ಕಾನ್ಪುರಗಳ ನಡುವೆ ಎಸ್. ಟಿ. ಡಿ. ಪ್ರಾರಂಭವಾದುದರಿಂದ ಆರಂಭವಾಗಿ, ಈ ಮಧ್ಯಸ್ಥಿಕೆಯೂ ಕ್ರಮಕ್ರಮವಾಗಿ ಇಲ್ಲವಾಯಿತು.

ಚಿಕ್ಕ ಊರುಗಳ ದೃಷ್ಟಿಯಿಂದ ಇದಕ್ಕಿಂತಲೂ ಮುಖ್ಯವಾದುದು ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯ ಕೆಲಸ. ಧೂಳು, ಬಿಸಿಲು, ವಿದ್ಯುತ್ತಿನ ಏರಿಳಿತಗಳನ್ನು ತಡೆದುಕೊಂಡು, ಹವಾನಿಯಂತ್ರಣವಿಲ್ಲದ ಕೊಠಡಿಯಲ್ಲಿ ನಡೆಯಬಲ್ಲ ೧೨೮ ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜನ್ನು ಅದು ರೂಪಿಸಿತು. ಅಂಥ ಮೊದಲ ಎಕ್ಸ್‌ಚೇಂಜು ೧೯೮೬ರಲ್ಲಿ ಸ್ಥಾಪಿತವಾದುದು ನಮ್ಮ ಕಿತ್ತೂರಿನಲ್ಲಿ. ಅದೇ ೧೨೮ ಪೋರ್ಟುಗಳ ವಿನ್ಯಾಸದಿಂದಲೇ ಕಚೇರಿಯೊಳಗಿನ ಇಲೆಕ್ಟ್ರಾನಿಕ್ ಎಕ್ಸ್‌ಚೇಂಜೂ ತಯಾರಾಯಿತು. ಹಳ್ಳಿಯ ಎಕ್ಸ್‌ಚೇಂಜೂ ಕಚೇರಿಯ ಎಕ್ಸ್‌ಚೇಂಜೂ ಒಂದೇ ಗರ್ಭದ ಮಕ್ಕಳೆನ್ನಬಹುದು. ಆದರೆ ಇಬ್ಬರಿಗೂ ಒಂದು ಭೇದವಿದೆ. ಹಳ್ಳಿಯ ಎಕ್ಸ್‌ಚೇಂಜಿನಲ್ಲಿ ಕೂಡಿಸುವುದಕ್ಕೆ ಯಾರೂ ಕುಳಿತಿರಬೇಕಾದುದಿಲ್ಲ; ಕಚೇರಿಯ ಎಕ್ಸ್‌ಚೇಂಜಿಗೆ ಕನ್ಸೋಲೂ, ಅದರ ಮುಂದೆ ಒಬ್ಬರೂ ಉಳಿದರು.

೬

ಏಕೆ ಉಳಿದರು? ಕನ್ಸೋಲಿನ ಮೇಲೆ ನಡೆಯುವ ಕೆಲಸವನ್ನು ನೋಡಿದರೆ ಉತ್ತರವು ದೊರೆಯುವುದು.

ಹೊರಗಿನ ಕರೆ ಬಂದಾಗ ದೀಪವು ಮಿನುಗುವುದು. ಗುಂಡಿಯನ್ನು ಒತ್ತಿ ಕಚೇರಿಯ ಹೆಸರನ್ನು ಹೇಳಬೇಕು. ಯಾರು ಬೇಕೆಂಬುದನ್ನು ಕೇಳಬೇಕು. ಕರೆದವನನ್ನು ಹೋಲ್ಡಿನಲ್ಲಿ ನಿಲ್ಲಿಸಿ ಒಳಗಿನವರ ನಂಬರನ್ನು ಒತ್ತಿ, ಇಂಥವರು ಕರೆಯುತ್ತಿರುವರೆಂದು ತಿಳಿಸಿ, ಅವರು ಒಪ್ಪಿದರೆ ಟ್ರಾನ್ಸ್‌ಫರ್ ಮಾಡಿ ತಾನು ಹಿಂದೆ ಸರಿಯಬೇಕು. ಒಳಗಿನವರು ಬೇರೊಂದು ಕರೆಯಲ್ಲಿದ್ದರೆ ಈ ಕರೆಯನ್ನು ಅವರ ಬಾಗಿಲಲ್ಲಿಯೇ ಕಾಯಿಸಿಡಬಹುದು. ಗೊತ್ತಾದ ಕಾಲದೊಳಗೆ ಅವರು ತೆಗೆದುಕೊಳ್ಳದಿದ್ದರೆ ಕರೆಯು ತಾನಾಗಿಯೇ ಕನ್ಸೋಲಿಗೆ ಹಿಂದಿರುಗುವುದು. ತೀರ ತುರ್ತಾದರೆ ಎಚ್ಚರಿಕೆಯ ಸ್ವರವನ್ನು ಕೊಟ್ಟು ನಡೆಯುತ್ತಿರುವ ಮಾತಿನ ನಡುವೆ ಪ್ರವೇಶಿಸುವ ಅಧಿಕಾರವೂ ಆಪರೇಟರಿಗುಂಟು. ಯಾವ ಎಕ್ಸ್‌ಟೆನ್ಷನ್ನು ಬಿಡುವಾಗಿದೆ, ಯಾವುದು ಇಲ್ಲ ಎಂಬುದನ್ನು ತೋರಿಸುವ ದೀಪಗಳ ಸಾಲೊಂದು ಮುಂದೆಯೇ ಇರುವುದು.

ಇವುಗಳಲ್ಲಿ ಒಂದೊಂದು ಗುಂಡಿಯೂ ಹುರಿಯ ಬೋರ್ಡಿನ ಒಂದೊಂದು ಕೈಕೆಲಸದ ಆದೇಶರೂಪವಾಗಿದೆ. ಹುರಿಯನ್ನು ಸೇರಿಸುವುದೂ ಕೀಳುವುದೂ ಯಂತ್ರಕ್ಕೆ ಹೋಯಿತು. ಯಾವ ಗುಂಡಿಯನ್ನು ಯಾವಾಗ ಒತ್ತಬೇಕೆಂಬುದು ಹೋಗಲಿಲ್ಲ. ಶಾಕುಂತಲದ ಐದನೆಯ ಅಂಕದಲ್ಲಿ ಕಂಚುಕಿಯ ಮುಂದಿರುವ ಪ್ರಶ್ನೆಯೂ ಇದೇ. ಕಣ್ವರ ಶಿಷ್ಯರು ಬಂದಿರುವರು. ಅರಸನು ಧರ್ಮಾಸನದಿಂದ ಈಗತಾನೆ ಎದ್ದು ವಿಶ್ರಮಿಸಿಕೊಳ್ಳುತ್ತಿರುವನು. ಅವನಿಗೆ ತೊಂದರೆಕೊಡಲು ಕಂಚುಕಿಗೆ ಮನಸ್ಸಿಲ್ಲ; ಋಷಿಗಳ ಕಡೆಯವರನ್ನು ಕಾಯಿಸಲೂ ಆಗದು. ಆಲೋಚಿಸಿ, ಪ್ರಜಾಪಾಲನೆಗೆ ವಿರಾಮವಿಲ್ಲವೆಂದು ನಿಶ್ಚಯಿಸಿ ಅವನು ಒಳಗೆ ಹೋಗುವನು. ಆ ಕ್ಷಣದ ಆಲೋಚನೆಯೇ ಬಾಗಿಲು ಕಾಯುವವನ ವಿದ್ಯೆ.

ಕೌಟಿಲ್ಯನ ಮೂರು ಬಗೆಯ ದೂತರನ್ನೂ ಕನ್ಸೋಲಿನ ಮುಂದೆ ಒಬ್ಬರಲ್ಲಿಯೇ ಕಾಣಬಹುದು. ಎಕ್ಸ್‌ಟೆನ್ಷನ್ ನಂಬರನ್ನೇ ಹೇಳಿ ಕೇಳಿದವನಿಗೆ ಕೂಡಿಸಿಕೊಡುವಾಗ ಆಕೆ ಶಾಸನಹರೆ. ಸಾಹೇಬರು ಹನ್ನೊಂದು ಗಂಟೆಯವರೆಗೆ ಯಾರಿಗೂ ಕೊಡಬೇಡಿರೆಂದು ಹೇಳಿದ್ದಾಗ, ಬಂದ ಕರೆಗಳಲ್ಲಿ ಯಾವುದು ಆ ನಿಷೇಧಕ್ಕೆ ಒಳಪಟ್ಟುದು, ಯಾವುದು ಅಲ್ಲವೆಂದು ವಿವೇಚಿಸುವಾಗ ಪರಿಮಿತಾರ್ಥೆ. ಯಾರು ಬೇಕೆಂಬುದೇ ಕರೆದವನಿಗೆ ತಿಳಿಯದೆ ಅವನು ತನ್ನ ಕಷ್ಟವನ್ನು ಮಾತ್ರ ಹೇಳಿಕೊಂಡಾಗ, ಅದನ್ನು ಕೇಳಿ ಇಂಥ ವಿಭಾಗವೆಂದು ನಿರ್ಣಯಿಸುವ ಆಕೆ ಆ ಅರ್ಧ ನಿಮಿಷದ ಮಟ್ಟಿಗೆ ನಿಸೃಷ್ಟಾರ್ಥೆಯೇ.

೭

ಈಗ ನಮ್ಮ ನಾಲ್ಕು ಊರುಗಳಿಗೆ ಬರೋಣ. ಅವುಗಳ ವಿಷಯದಲ್ಲಿ ವಿದ್ವಾಂಸರ ಗಮನಕ್ಕೆ ತರಬೇಕಾದ ಸಂಗತಿಗಳು ಎರಡು: ಸಂಖ್ಯೆ ಮತ್ತು ಭಾಷೆ.

ಎಸ್. ಟಿ. ಡಿ. ಕ್ರಮದಲ್ಲಿ ಚಿಂತಾಮಣಿಯ ಸಂಖ್ಯೆ ೦೮೧೫೪, ಗೌರಿಬಿದನೂರಿನದು ೦೮೧೫೫, ಚಿಕ್ಕಬಳ್ಳಾಪುರದ್ದು ೦೮೧೫೬, ಶಿಡ್ಲಘಟ್ಟದ್ದು ೦೮೧೫೮. ಬಿಟ್ಟುಹೋದ ಅಂಕೆಗಳನ್ನು ತುಂಬಿದರೆ ೦೮೧೫೦ ಬಾಗೇಪಲ್ಲಿ, ೦೮೧೫೧ ಮಾಲೂರು, ೦೮೧೫೨ ಕೋಲಾರ, ೦೮೧೫೩ ಬಂಗಾರಪೇಟೆ, ೦೮೧೫೭ ಶ್ರೀನಿವಾಸಪುರ, ೦೮೧೫೯ ಮುಳಬಾಗಿಲು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕೆಗಳಲ್ಲಿ ಅವಿಭಕ್ತ ಕೋಲಾರ ಜಿಲ್ಲೆಯೇ ಕುಳಿತಿದೆ. ಚಿಕ್ಕಬಳ್ಳಾಪುರವು ಪ್ರತ್ಯೇಕವಾದ ಜಿಲ್ಲೆಯಾದುದು ೨೦೦೭ರಲ್ಲಿ. ಕಂದಾಯದ ಎಲ್ಲೆಗಳು ಬದಲಾದುವು. ಜಿಲ್ಲಾಧಿಕಾರಿಗಳ ಹೊಸ ಕಚೇರಿಯಾಯಿತು. ದೂರವಾಣಿಯ ಸಂಖ್ಯೆಗಳಲ್ಲಿ ಮಾತ್ರ ಹಳೆಯ ಜಿಲ್ಲೆಯು ಹಾಗೆಯೇ ನಿಂತಿದೆ. ಆಡಳಿತವು ಅಳಿಸಿದ ಎಲ್ಲೆಯನ್ನು ಸಂಖ್ಯೆಯು ಉಳಿಸಿಕೊಂಡಿರುವುದರಿಂದ ಇದನ್ನು ಒಂದು ಬಗೆಯ ಶಾಸನವೆಂದೇ ಎಣಿಸಬಹುದು.

ಈ ಕ್ರಮವು ನಮಗೆ ಹೊಸದೂ ಅಲ್ಲ. ಬಿ. ಎಲ್. ರೈಸರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಗೆ ಸೇರಿದುದು. ಅದರಲ್ಲಿ ಶಾಸನಗಳನ್ನು ತಾಲ್ಲೂಕು ತಾಲ್ಲೂಕಾಗಿ ವಿಂಗಡಿಸಿ, ಪ್ರತಿ ತಾಲ್ಲೂಕಿನಲ್ಲಿಯೂ ಒಂದರಿಂದ ಸಂಖ್ಯೆಯನ್ನು ಕೊಟ್ಟಿದೆ. ಬರಿಯ 'ಹದಿನೈದನೆಯ ಶಾಸನ' ಎಂದರೆ ಯಾವುದೂ ಗೊತ್ತಾಗದು. ತಾಲ್ಲೂಕಿನ ಹೆಸರು ಸೇರಿದರೆ ಮಾತ್ರ ಗೊತ್ತಾಗುವುದು. ದೂರವಾಣಿಯಲ್ಲಿಯೂ ಹೀಗೆಯೇ: ಊರಿನೊಳಗಿನ ಆರು ಅಂಕೆಗಳ ಮುಂದೆ ಊರಿನ ಸಂಖ್ಯೆಯು ಸೇರಿದರೆ, ಮೊದಲ ಸೊನ್ನೆಯನ್ನು ಬಿಟ್ಟು ಒಟ್ಟು ಹತ್ತು ಅಂಕೆಗಳಾಗಿ, ದೇಶದಲ್ಲೆಲ್ಲ ಒಂದೇ ಒಂದು ದೂರವಾಣಿಯನ್ನು ಅದು ನಿರ್ದೇಶಿಸುವುದು. ಶಾಸನಶೋಧಕನೂ ಎಂಜಿನಿಯರೂ ಪರಸ್ಪರ ತಿಳಿಯದೆಯೇ ಒಂದೇ ನೆಲವನ್ನು ಒಂದೇ ರೀತಿಯಾಗಿ ಎಣಿಸಿರುವರು.

ಎರಡನೆಯದು ಭಾಷೆ. ಈ ಸೀಮೆಯಲ್ಲಿ ಕನ್ನಡವೂ ತೆಲುಗೂ ಅಕ್ಕಪಕ್ಕದ ಮನೆಗಳಲ್ಲಿ ಮಾತ್ರವಲ್ಲ, ಎಷ್ಟೋ ವೇಳೆ ಒಂದೇ ಮನೆಯಲ್ಲಿರುವುವು. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯೋಗಿಗಳು ಎರಡು ಭಾಷೆಗಳಲ್ಲಿಯೂ ಹಾಡುಗಳನ್ನು ರಚಿಸಿರುವುದು ಇದರ ಹಳೆಯ ಸಾಕ್ಷಿ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ರೀಲರುಗಳ ಪೈಕಿ ದಖನಿ ಉರ್ದು ಮನೆಮಾತಾಗಿರುವವರು ಬಹುಮಂದಿ. ಇಂಗ್ಲಿಷು ಕಾಗದಪತ್ರಗಳ ಮೂಲಕ ಎಲ್ಲ ಕಚೇರಿಗಳಲ್ಲಿಯೂ ಇರುವುದು. ಇಂಥ ಊರಿನ ಆಸ್ಪತ್ರೆಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಕರೆಯನ್ನು ಸ್ವೀಕರಿಸುವವರು, 'ಹಲೋ' ಎಂಬ ಒಂದು ಶಬ್ದದ ಉಚ್ಚಾರಣೆಯಿಂದಲೇ ಕರೆದವನ ಭಾಷೆಯನ್ನು ಊಹಿಸಿ, ಎರಡನೆಯ ವಾಕ್ಯವನ್ನು ಆ ಭಾಷೆಯಲ್ಲಿ ಆಡುವರು. "ಲೈನಲ್ಲೇ ಇರಿ" ಎಂಬುದು "ಒಕ್ಕ ನಿಮಿಷಂ ಉಂಡಂಡಿ" ಎಂದಾಗುವುದಕ್ಕೆ ಕ್ಷಣವೂ ಬೇಡ. ಮುಖವು ಕಾಣದಿರುವಾಗ ಮಾಡುವ ಈ ನಿರ್ಣಯವು ಸಾಮಾನ್ಯವಾದುದಲ್ಲ.

ಆಪರೇಟರುಗಳ ಕನ್ನಡವೂ ವ್ಯಾಕರಣದ ದೃಷ್ಟಿಯಿಂದ ವಿಚಾರಾರ್ಹವಾಗಿದೆ. "ಅಕೌಂಟ್ಸ್‌ಗೆ ಕೊಡಿ" ಎಂದು ಕರೆದವನು ಹೇಳುವನು. "ಕೊಡ್ತೀನಿ, ಇರಿ" ಎಂದು ಇವರು ಹೇಳುವರು. ಇಲ್ಲಿ ಸಂಪ್ರದಾನವಿದೆ, ಕ್ರಿಯೆಯಿದೆ. ಕೊಡುವ ವಸ್ತುವಾದ ಕರ್ಮಪದವು ಅಧ್ಯಾಹಾರದಲ್ಲಿದೆ. ಕೊಡುವುದು ತಂತಿಯನ್ನೋ, ಕರೆಯನ್ನೋ, ಕರೆದವನನ್ನೋ? ಕೂಡಿಸುವುದನ್ನು ಕನ್ನಡವು ದಾನವನ್ನಾಗಿ ಭಾವಿಸಿರುವುದು ಗಮನಿಸತಕ್ಕುದು. "ಸೀಟಿನಲ್ಲಿಲ್ಲ" ಎಂಬುದು ಮತ್ತೊಂದು ಪ್ರಯೋಗ. ಅಧಿಕಾರಿಯು ಎಲ್ಲಿಗೆ ಹೋಗಿರುವನು, ಯಾವಾಗ ಬರುವನು, ಬಂದರೂ ಮಾತನಾಡುವನೇ ಎಂಬುದಾವುದನ್ನೂ ಅದು ಹೇಳುವುದಿಲ್ಲ. ಹೇಳಿದಷ್ಟು ಸತ್ಯ, ಹೇಳದೆ ಉಳಿದುದು ಒಳಗಿನವನ ಗುಟ್ಟು. ದೂತಧರ್ಮವನ್ನು ಒಂದು ಪದದಲ್ಲಿ ಅಡಗಿಸಿದ ಇಂಥ ಪ್ರಯೋಗಗಳನ್ನು ಯಾವ ಪಂಡಿತನೂ ರಚಿಸಿಕೊಡಲಿಲ್ಲ. ಬೋರ್ಡಿನ ಮುಂದೆ ಕುಳಿತವರೇ ಬಳಸಿ ಬಳಸಿ ನೆಲೆಗೊಳಿಸಿದರು.

೮

ಇನ್ನು ಪೂರ್ವಪಕ್ಷವನ್ನು ವಿಚಾರಿಸಬೇಕು. 'ಊರಿನ ಆಪರೇಟರು ಹೋದಳು, ಟ್ರಂಕಿನ ಆಪರೇಟರು ಹೋದಳು. ಹಾಗೆಯೇ ಕಚೇರಿಯ ಆಪರೇಟರೂ ಹೋಗತಕ್ಕವಳು. ಯಂತ್ರವೇ ಸ್ವಾಗತವನ್ನು ಹೇಳಿ, ಕನ್ನಡಕ್ಕೆ ಒಂದನ್ನು ಒತ್ತಿರಿ, ಲೆಕ್ಕಪತ್ರಕ್ಕೆ ಎರಡನ್ನು ಒತ್ತಿರಿ ಎಂದು ಸೂಚಿಸುತ್ತಿರುವುದು. ಅದಲ್ಲದೆ ಎಲ್ಲರ ಕೈಯಲ್ಲಿಯೂ ಮೊಬೈಲು ಇರುವಾಗ ಬೇಕಾದವರನ್ನು ನೇರವಾಗಿ ಕರೆಯಬಹುದು. ಯಂತ್ರಕ್ಕೆ ಪಕ್ಷಪಾತವಿಲ್ಲ, ಆಯಾಸವಿಲ್ಲ, ಗುಟ್ಟನ್ನು ಹೇಳುವ ನಾಲಗೆಯಿಲ್ಲ. ಆದುದರಿಂದ ಇದು ಮುಗಿದ ಉದ್ಯೋಗ. ಇದಕ್ಕೆ ಚರಿತ್ರೆಯು ಬೇಕಾದರೂ ಭವಿಷ್ಯವು ಬೇಡ' ಎಂದು ಹೇಳುವವರುಂಟು.

ಈ ಪಕ್ಷದಲ್ಲಿ ಸತ್ಯಾಂಶವಿಲ್ಲದಿಲ್ಲ. ಪಕ್ಷಪಾತದ ಅನುಮಾನವು ನಿರಾಧಾರವಾದುದಲ್ಲ. ದುರ್ದರ್ಶನಾದ ಅರಸನನ್ನು ಹತ್ತಿರದಲ್ಲಿರುವವರು ಕಾರ್ಯಾಕಾರ್ಯಗಳಲ್ಲಿ ದಾರಿ ತಪ್ಪಿಸುವರೆಂದೂ, ಅರ್ಜಿದಾರರನ್ನು ಬಾಗಿಲಲ್ಲಿ ತಡೆಯಬಾರದೆಂದೂ ಕೌಟಿಲ್ಯನೇ ಎಚ್ಚರಿಸಿರುವನು. ಕರೆದವನನ್ನು ಗದರಿಸುವ, ಗಂಟೆಗಟ್ಟಲೆ ಹೋಲ್ಡಿನಲ್ಲಿ ಮರೆಯುವ ಪಡಿಯಱರೂ ಲೋಕದಲ್ಲಿರುವರು. ಸಂಖ್ಯೆಯನ್ನು ಬಲ್ಲವನಿಗೆ ಯಂತ್ರವೇ ಮೇಲೆಂಬುದನ್ನು ಒಪ್ಪಬೇಕು.

ಆದರೆ ಪೂರ್ವಪಕ್ಷಿಯು ಎರಡು ಕೆಲಸಗಳನ್ನು ಒಂದೆಂದು ಭಾವಿಸಿರುವನು. ಕೂಡಿಸುವುದು ಒಂದು; ಯಾರಿಗೆ ಕೂಡಿಸಬೇಕೆಂದು ತಿಳಿಯುವುದು ಮತ್ತೊಂದು. ಸ್ಟ್ರೌಜರನ ಯಂತ್ರವು ಮೊದಲನೆಯದನ್ನು ತೆಗೆದುಕೊಂಡಿತು. ಎರಡನೆಯದನ್ನು ಅದು ತೆಗೆದುಕೊಳ್ಳಲಿಲ್ಲ, ಕರೆಯುವವನ ತಲೆಗೆ ಹೊರಿಸಿತು. ಅಂಕೆಗಳನ್ನು ತಾನೇ ಆರಿಸಬೇಕಾದವನು ತನಗೆ ಯಾರು ಬೇಕೆಂಬುದನ್ನು ಮೊದಲೇ ಬಲ್ಲವನಾಗಿರಬೇಕು. ಗುಡಿಬಂಡೆಯ ಕಡೆಯ ಹಳ್ಳಿಯೊಂದರಿಂದ ಜಿಲ್ಲಾ ಆಸ್ಪತ್ರೆಗೆ ಕರೆಯುವ ಮುದುಕಿಗೆ ತನ್ನ ಮಗನನ್ನು ಯಾವ ವಾರ್ಡಿನಲ್ಲಿ ಮಲಗಿಸಿರುವರೆಂಬುದು ತಿಳಿಯದು; ಅದನ್ನು ಕೇಳುವುದಕ್ಕಾಗಿಯೇ ಅವಳು ಕರೆದಿರುವಳು. ಒಂದನ್ನು ಒತ್ತಬೇಕೋ ಎರಡನ್ನು ಒತ್ತಬೇಕೋ ಎಂಬ ಪ್ರಶ್ನೆಗೆ ಉತ್ತರವು ತಿಳಿದಿದ್ದರೆ ಅವಳಿಗೆ ಅರ್ಧ ಕಷ್ಟವೇ ಇರುತ್ತಿರಲಿಲ್ಲ. ಅವಳು ತೆಲುಗಿನಲ್ಲಿ ಅಳುತ್ತ ಹೇಳುವುದನ್ನು ಕೇಳಿ, ಹೆಸರನ್ನು ಎರಡು ಸಲ ಕೇಳಿ, ಯಾವ ಊರಮ್ಮ ಎಂದು ವಿಚಾರಿಸಿ, ಸರಿಯಾದ ವಾರ್ಡಿಗೆ ಕೊಟ್ಟು, ಅಲ್ಲಿ ಯಾರೂ ಎತ್ತದೆ ಕರೆಯು ಹಿಂದಿರುಗಿದಾಗ ಮತ್ತೆ ಬೇರೆ ಕಡೆಗೆ ಕೊಡುವವರು ಬೇಕು. ಬಲ್ಲವನಿಗೆ ಬಾಗಿಲು ಸಾಕು. ಅರಿಯದವನಿಗೆ ಪಡಿಯಱನೇ ಬೇಕು. ಯಾವ ಕಚೇರಿಗೆ ಅರಿಯದವರು ಹೆಚ್ಚಾಗಿ ಬರುವರೋ ಅಲ್ಲಿ ಈ ಉದ್ಯೋಗವು ಮುಗಿದುದೆಂದು ಹೇಳುವುದು ನ್ಯಾಯವಲ್ಲವೆಂಬುದು ನಮ್ಮ ಸಿದ್ಧಾಂತ.

ಕಡೆಯದಾಗಿ ಒಂದು ವಿಜ್ಞಾಪನೆ. ಹುರಿಯ ಬೋರ್ಡಿನಲ್ಲಿ ಆಡಿದ ಮಾತುಗಳು ಆಡಿದ ಕ್ಷಣದಲ್ಲಿಯೇ ಹೋದುವು. ಟ್ರಂಕ್ ಕರೆಗಳ ಚೀಟಿಗಳಲ್ಲಿ ಬರೆದುದು ನಂಬರು ಮತ್ತು ಕಾಲ ಮಾತ್ರ. ಬಾಗಿಲು ಕಾಯ್ದವರ ಕಲ್ಲಿನ ಶಾಸನಗಳು ಹಿಂದೆಯೂ ವಿರಳ, ಈಗಲೂ ಇಲ್ಲ. ಆದರೆ ಆ ಬೋರ್ಡುಗಳನ್ನು ನಡೆಯಿಸಿದ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇರುವರು. ಅವರು ಬಳಸಿದ ಪದಗಳು, ಹೇಳಿಕೊಟ್ಟ ಕ್ರಮಗಳು, ಕರೆದವನನ್ನು ಸಮಾಧಾನಪಡಿಸುತ್ತಿದ್ದ ನುಡಿಗಟ್ಟುಗಳು ಅವರ ನಾಲಗೆಯ ಮೇಲೆಯೇ ಇರುವುವು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಾಲೇಜುಗಳಲ್ಲಿರುವ ಭಾಷಾಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಮೂಲಕ ಇವುಗಳನ್ನು ಬರೆಯಿಸಿಡಲಿ. ಕೇಳಿದ ಗುಟ್ಟುಗಳನ್ನು ಅವರು ಹೇಳಬೇಕಾದುದಿಲ್ಲ, ಹೇಳುವುದೂ ಇಲ್ಲ. ಹೇಗೆ ಕೂಡಿಸಿದರೆಂಬುದನ್ನು ಹೇಳಿದರೆ ಸಾಕು.